ಮಲೆನಾಡಿನ ಮನೆಗೆ ಟಿ.ವಿ. ರೆಕಾರ್ಡ್ ಮಾಡುವ ಕಂಪ್ಯೂಟರ್

ದೂರದರ್ಶನದ ಚಂದನ ವಾಹಿನಿಯಲ್ಲಿ ಯಕ್ಷಗಾನವೋ ಕೃಷಿ ಕಾರ್ಯಕ್ರಮವೋ ಪ್ರಸಾರವಾಗುವ ಹೊತ್ತಿಗೆ ಮಲೆನಾಡಿನ ಮನೆಯವರು ತೋಟದಲ್ಲಿರುತ್ತಾರೆ, ಕೊನೆಕೊಯ್ಲಿನ ಕಾಲದಲ್ಲಾದರೆ ಅಡಿಕೆ ಸುಲಿಯುವ ಚಪ್ಪರದಲ್ಲಿರುತ್ತಾರೆ. ಅಂಥ ಕಾರ್ಯಕ್ರಮಗಳನ್ನು ತಾನಾಗಿಯೇ ರೆಕಾರ್ಡ್ ಮಾಡಿಟ್ಟು, ಬಿಡುವಾದಾಗ ಜಗಲಿಯ ಟಿ.ವಿ.ಯಲ್ಲೋ ಅಡುಗೆಮನೆಯ ಮೊಬೈಲಿನಲ್ಲೋ ತೋರಿಸುವ ಚಿಕ್ಕ ಕಂಪ್ಯೂಟರೊಂದನ್ನು ಮನೆಯಲ್ಲೇ ಹೊಂದಿಸಿಕೊಳ್ಳಬಹುದು. ಇದಕ್ಕೆ ತಿಂಗಳ ಚಂದಾ ಇಲ್ಲ, ಬೇಕಾಗುವ ತಂತ್ರಾಂಶವೆಲ್ಲ ಉಚಿತ. ಆದರೆ ಬಯಲುಸೀಮೆಯ ಊರಿಗೆ ಒಪ್ಪುವ ಜೋಡಣೆಯನ್ನೇ ಇಲ್ಲಿಯೂ ಮಾಡಿದರೆ ಮೊದಲ ಮಳೆಗಾಲದಲ್ಲೇ ಅದು ಕೈಕೊಡುತ್ತದೆ. ನಮ್ಮಲ್ಲಿ ಹಣವನ್ನೂ ಶ್ರಮವನ್ನೂ ಮೊದಲು ಮನೆಯ ಹೊರಗೆ, ಅಂದರೆ ಡಿಶ್, ಕೇಬಲ್ ಮತ್ತು ಅರ್ಥಿಂಗ್‌ಗೆ ಹಾಕಬೇಕು. ಕಂಪ್ಯೂಟರಿನ ಸರದಿ ಆಮೇಲೆ.

ಮೊದಲು ಸಿಗ್ನಲ್ ಎಲ್ಲಿಂದ ಬರುತ್ತದೆ ಎಂಬುದನ್ನು ನಿರ್ಧರಿಸಬೇಕು. ಹಣ ಕೊಟ್ಟು ಪಡೆಯುವ ಡಿಟಿಎಚ್ ವಾಹಿನಿಗಳು ಆಯಾ ಕಂಪನಿಯ ಸೆಟ್‌ಟಾಪ್ ಬಾಕ್ಸಿಗೇ ಬೀಗ ಹಾಕಿಕೊಂಡು ಬರುವುದರಿಂದ ಅವುಗಳನ್ನು ಕಂಪ್ಯೂಟರಿಗೆ ತರುವ ಯೋಚನೆಯನ್ನು ಕೈಬಿಡುವುದೇ ಒಳ್ಳೆಯದು. ಮನೆಯ ಮಾಡಿನ ಮೇಲೆ ಹಳೆಯ ಆಂಟೆನಾ ಉಳಿದಿದ್ದರೂ ಅದರಿಂದ ಉಪಯೋಗವಿಲ್ಲ. ದೂರದರ್ಶನದ ಡಿಜಿಟಲ್ ಭೂಪ್ರಸಾರ ಬೆಂಗಳೂರಿನಂಥ ಆಯ್ದ ನಗರಗಳಿಗಷ್ಟೇ ಬಂದಿತು. ನಮಗೆ ಉಳಿಯುವುದು 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈಗಿನ ಡಿಡಿ ಫ್ರೀ ಡಿಶ್ ಎಂಬ ದೂರದರ್ಶನದ ಉಚಿತ ಉಪಗ್ರಹ ಪ್ರಸಾರ. ಅದರ ಪ್ರಸಾರ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಆದ್ದರಿಂದ ಪ್ರಸಾರದ ಸಿಗ್ನಲನ್ನು ಕಂಪ್ಯೂಟರಿಗೆ ತಲುಪಿಸುವ ಟ್ಯೂನರ್ ಎಂಬ ಸಾಧನವನ್ನು ಕೊಳ್ಳುವಾಗ ಡಬ್ಬಿಯ ಮೇಲೆ ಉಪಗ್ರಹ ಪ್ರಸಾರದ ಮಾನದಂಡವಾದ ಡಿವಿಬಿ-ಎಸ್2 ಎಂದು ಬರೆದಿರುವುದನ್ನೇ ನೋಡಿ ಕೊಳ್ಳಬೇಕು. ಅಗ್ಗಕ್ಕೆ ಸಿಗುವ ಡಿವಿಬಿ-ಟಿ ಕಡ್ಡಿಗಳು ಆಂಟೆನಾಕ್ಕೆ ಮಾಡಿದವು, ಡಿಶ್‌ಗೆ ಅಲ್ಲ. ಎಸ್2 ಟ್ಯೂನರ್ ಇದ್ದರೆ ಎಂಪೆಗ್-2, ಎಂಪೆಗ್-4 ಎಂಬ ಎರಡೂ ಬಗೆಯ ಚಿತ್ರಸಂಕೋಚನದ ವಾಹಿನಿಗಳು ಸಿಗುತ್ತವೆ. ಬೀಗ ಹಾಕಿದವು ಪಟ್ಟಿಯಲ್ಲಿ ಕಂಡರೂ ತೆರೆಯುವುದಿಲ್ಲ.

ಡಿಶ್ ಎಲ್ಲಿ ನಿಲ್ಲಬೇಕು ಎಂಬುದು ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದ ತೀರ್ಮಾನ. ಶಿವಮೊಗ್ಗದಿಂದ ನೋಡಿದರೆ ಜಿಸ್ಯಾಟ್-15 ಆಗ್ನೇಯ ದಿಕ್ಕಿನಲ್ಲಿದೆ. ದಿಕ್ಸೂಚಿಯಲ್ಲಿ ಸುಮಾರು 127 ಡಿಗ್ರಿ, ದಿಗಂತದಿಂದ ಮೇಲಕ್ಕೆ ಸುಮಾರು 64 ಡಿಗ್ರಿ. ಸಾಗರ, ತೀರ್ಥಹಳ್ಳಿ, ಹೊಸನಗರಗಳಲ್ಲಿ ಇದು ಹೆಚ್ಚೆಂದರೆ ಒಂದು ಡಿಗ್ರಿಯಷ್ಟು ಆಚೀಚೆಯಾದೀತು. ಉಪಗ್ರಹ ಇಷ್ಟು ಎತ್ತರದಲ್ಲಿರುವುದು ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಅನುಕೂಲವೇ ಸರಿ, ಏಕೆಂದರೆ ಸಾಮಾನ್ಯವಾಗಿ ಗುಡ್ಡ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮರ. ಡಿಶ್‌ಗಿಂತ 20 ಮೀಟರ್ ಎತ್ತರವಾದ ಮರ ಆಗ್ನೇಯಕ್ಕೆ 10 ಮೀಟರಿಗಿಂತ ಹತ್ತಿರದಲ್ಲಿದ್ದರೆ ಸಿಗ್ನಲ್ ತಡೆಯುತ್ತದೆ, ಅದಕ್ಕಿಂತ ದೂರವಿದ್ದರೆ ಹೆದರಬೇಕಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿದ ಮರದ ನಡುವಿನಿಂದ ಸಿಗ್ನಲ್ ಬಂದಿತೆಂದು ಅಲ್ಲಿಯೇ ಡಿಶ್ ನಿಲ್ಲಿಸಿದರೆ ಮಳೆಗಾಲದಲ್ಲಿ ಚಿಗುರಿದ ಎಲೆಗಳೇ ಪರದೆಯಾಗುತ್ತವೆ. ಹಂಚಿನ ಮಾಡಿನ ಮೇಲೆ ಡಿಶ್ ಕೂರಿಸುವುದು ಬೇಡ. ಗಾಳಿಗೆ ಅಲುಗಾಡಿ ಹಂಚು ಸರಿಯುತ್ತದೆ, ಸೋರುವ ಜಾಗ ಹುಡುಕುವುದೇ ಒಂದು ಕೆಲಸವಾಗುತ್ತದೆ. ಅಂಗಳದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ನೆಟ್ಟ ಜಿಐ ಪೈಪು ಹಲವು ಪಾಲು ವಾಸಿ, ಕೈಗೂ ಎಟಕುತ್ತದೆ.

ಫ್ರೀ ಡಿಶ್‌ಗೆ ಸಾಮಾನ್ಯವಾಗಿ 60 ಸೆಂಟಿಮೀಟರಿನ ಡಿಶ್ ಕೊಡುತ್ತಾರೆ. ಈ ಪ್ರಸಾರ ಬರುವ ಕೆಯು ಬ್ಯಾಂಡ್ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುವುದರಿಂದ, ಆರಿದ್ರೆಯಿಂದ ಪುಷ್ಯದವರೆಗಿನ ಮಳೆಗಳನ್ನು ನೆನೆದು, 90 ಸೆಂಟಿಮೀಟರಿನದನ್ನೇ ಹಾಕಿಸಿಕೊಳ್ಳಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇದರಿಂದ ಸುಮಾರು 3.5 ಡೆಸಿಬೆಲ್ ಹೆಚ್ಚುವರಿ ಬಲ ಸಿಗುತ್ತದೆ. ಆಗುಂಬೆಯ ಜಡಿಮಳೆಯಲ್ಲಿ ಅದೂ ಸೋಲಬಹುದು, ಆದರೆ ಸಾಧಾರಣ ಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುವುದು ಬಹುಮಟ್ಟಿಗೆ ತಪ್ಪುತ್ತದೆ. ಡಿಶ್ ಕೂರಿಸಿದ ಮೇಲೆ, ಅದರ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸಿಗ್ನಲ್‌ನ ಗುಣಮಟ್ಟ ಗರಿಷ್ಠವಾಗುವಲ್ಲಿ ಬಿಗಿಗೊಳಿಸಬೇಕು. ಗಮನಿಸಬೇಕಾದದ್ದು ಗುಣಮಟ್ಟದ ಸಂಖ್ಯೆಯನ್ನು, ಬಲದ ಸಂಖ್ಯೆಯನ್ನಲ್ಲ. ಮನೆಯಲ್ಲಿ ಈಗಾಗಲೇ ಸೆಟ್‌ಟಾಪ್ ಬಾಕ್ಸ್ ಇದ್ದು ಅದೂ ಉಳಿಯಬೇಕಾದರೆ ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯಬೇಕು. ಟ್ಯೂನರ್ ತನಗೆ ಬೇಕಾದ ತರಂಗವನ್ನು ಕೇಬಲಿನಲ್ಲಿ 13 ಅಥವಾ 18 ವೋಲ್ಟ್ ಕಳುಹಿಸಿ ಕೇಳುತ್ತದೆ. ಒಂದೇ ಕೇಬಲನ್ನು ಕವಲೊಡೆಸಿದರೆ ಒಂದರ ಬೇಡಿಕೆಗೆ ಇನ್ನೊಂದು ಅಡ್ಡಬರುತ್ತದೆ.

ಕೇಬಲ್ ಆರ್‌ಜಿ-6 ಆಗಿರಲಿ. ಎಲ್‌ಎನ್‌ಬಿಯ ಬಾಯಿಗೆ ಕನೆಕ್ಟರ್ ತಿರುಗಿಸಿದ ಮೇಲೆ ನೀರು ನುಗ್ಗದಂತೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದೆಳೆದು ಸುತ್ತಬೇಕು. ಕಿಟಕಿಯ ಹತ್ತಿರ ಕೇಬಲನ್ನು ಒಂದು ಗೇಣು ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆತ್ತಿ ಒಳಗೆ ತಂದರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸಿಗ್ನಲ್ ತಾನಾಗಿಯೇ ದಿನೇ ದಿನೇ ಕುಗ್ಗುತ್ತಿದ್ದರೆ ಕನೆಕ್ಟರನ್ನು ಬಿಚ್ಚಿ ನೋಡಬೇಕು. ಒಳಗಿನ ತಂತಿಗೆ ಹಸಿರು ಕಿಲುಬು ಹತ್ತಿದ್ದರೆ, ಕೇಬಲನ್ನು ತಾಮ್ರ ಹೊಳೆಯುವಲ್ಲಿಯವರೆಗೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು.

ಮಳೆಗಿಂತ ದೊಡ್ಡ ಶತ್ರು ಸಿಡಿಲು. ಭರಣಿ, ಕೃತ್ತಿಕೆಯ ಗುಡುಗುಮಳೆಗಳಲ್ಲೂ ಹಿಂಗಾರಿನ ಚಿತ್ತೆ, ಸ್ವಾತಿಗಳಲ್ಲೂ ಡಿಶ್‌ನ ಕಂಬಕ್ಕೆ ಮತ್ತು ಕೇಬಲಿನ ಹೊರಕವಚಕ್ಕೆ ಸರಿಯಾದ ಅರ್ಥಿಂಗ್ ಇರಲೇಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಅರ್ಥಿಂಗ್ ಇದ್ದರೂ ಹತ್ತಿರದಲ್ಲಿ ಸಿಡಿಲು ಬಡಿದರೆ ಯಂತ್ರ ಉಳಿಯುವ ಖಾತರಿ ಇಲ್ಲದಿರುವುದರಿಂದ, ಗುಡುಗುವ ಮೊದಲೇ ಟ್ಯೂನರಿನಿಂದ ಕೇಬಲನ್ನೂ ಗೋಡೆಯಿಂದ ಪ್ಲಗ್ಗನ್ನೂ ಕೀಳುವುದು ರೂಢಿಯಾಗಬೇಕು. ಒಂದು ಕಾರ್ಯಕ್ರಮ ತಪ್ಪಿದರೆ ತಪ್ಪಲಿ. ಕರೆಂಟು ಹೋಗುವ ಸಮಸ್ಯೆಗೆ ಮನೆಯ ಇನ್ವರ್ಟರೇ ಸಾಕು. ಆದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿಡಬೇಕು, ಇಲ್ಲದಿದ್ದರೆ ಬದಲಾವಣೆಯ ಆ ಕ್ಷಣದಲ್ಲಿ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡೀತು. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ಆಯ್ಕೆಯನ್ನೂ ಹಾಕಿಡಬೇಕು.

ಕಂಪ್ಯೂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ, 8 ಜಿಬಿ ಮೆಮೊರಿ, ಕಾರ್ಯಾಚರಣ ವ್ಯವಸ್ಥೆಗೊಂದು ಎಸ್‌ಎಸ್‌ಡಿ, ರೆಕಾರ್ಡಿಂಗ್‌ಗೆ ಬೇರೆಯೇ ಒಂದು 1 ಟೆರಾಬೈಟ್ ಹಾರ್ಡ್‌ಡಿಸ್ಕ್ ಇದ್ದರೆ ಸಾಕು. ಸಾಧಾರಣ ವಾಹಿನಿಯೊಂದು ಸೆಕೆಂಡಿಗೆ 3 ಮೆಗಾಬಿಟ್‌ನಷ್ಟು ಬಂದರೆ ಗಂಟೆಗೆ 1.35 ಜಿಬಿ ಆಗುತ್ತದೆ. ಒಂದು ಟೆರಾಬೈಟಿನಲ್ಲಿ ಏಳುನೂರು ಗಂಟೆಗೂ ಹೆಚ್ಚು ಹಿಡಿಸುತ್ತದೆ. ಯಂತ್ರವನ್ನು ಮಳೆಗಾಲದಲ್ಲಿ ವಾರಗಟ್ಟಲೆ ಆರಿಸಿಡಬಾರದು. ಓಡುತ್ತಿರುವ ಯಂತ್ರದ ಬಿಸಿಯೇ ಅದನ್ನು ಥಂಡಿಯಿಂದಲೂ ಬೂಸ್ಟಿನಿಂದಲೂ ಕಾಯುತ್ತದೆ.

ಡೆಬಿಯನ್ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿ, ಸಮಯವಲಯವನ್ನು ಕೋಲ್ಕತ್ತಾ ಎಂದು ಆರಿಸಿ, ಟ್ಯೂನರನ್ನು ನಡೆಸುವ ಫರ್ಮ್‌ವೇರ್ ಕಡತವನ್ನು ಸೇರಿಸಿದ ಮೇಲೆ ವಾಹಿನಿಗಳನ್ನು ಹುಡುಕಿ ರೆಕಾರ್ಡ್ ಮಾಡುವ ಟಿವಿಹೆಡ್‌ಎಂಡ್ ತಂತ್ರಾಂಶವನ್ನು ಸ್ಥಾಪಿಸಬೇಕು. ಲಿನಕ್ಸ್ ಬೆಂಬಲವಿಲ್ಲದ ಟ್ಯೂನರ್ ಇಲ್ಲಿಯೇ ಎಡವುವುದರಿಂದ ಆ ವಿಷಯವನ್ನು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಬ್ರೌಸರಿನಲ್ಲಿ ಆ ಕಂಪ್ಯೂಟರಿನ ವಿಳಾಸದೊಂದಿಗೆ 9981 ಎಂಬ ಪೋರ್ಟ್ ಸಂಖ್ಯೆ ಕೊಟ್ಟರೆ ಟಿವಿಹೆಡ್‌ಎಂಡ್‌ನ ಪುಟ ತೆರೆಯುತ್ತದೆ. ಅಲ್ಲಿ ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನು ಸೃಷ್ಟಿಸಿ 93.5 ಪೂರ್ವವನ್ನು ಆರಿಸಿ, ಟ್ಯೂನರಿಗೆ ಯೂನಿವರ್ಸಲ್ ಎಲ್‌ಎನ್‌ಬಿ ಎಂದು ತಿಳಿಸಿ, ಆ ನೆಟ್‌ವರ್ಕನ್ನು ಅದಕ್ಕೆ ಜೋಡಿಸಿ, ಸ್ಕ್ಯಾನ್ ಮುಗಿದ ಮೇಲೆ ಸಿಕ್ಕ ಸೇವೆಗಳನ್ನು ವಾಹಿನಿಗಳಾಗಿ ಪರಿವರ್ತಿಸಬೇಕು. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರನ್ನು, ಅಂದರೆ ಹಲವು ವಾಹಿನಿಗಳನ್ನು ಒಟ್ಟಿಗೆ ಹೊತ್ತು ತರುವ ಉಪಗ್ರಹದ ಒಂದು ಪ್ರಸಾರವನ್ನು, ಹಿಡಿಯುತ್ತದೆಯಾದರೂ ಅದೇ ಟ್ರಾನ್ಸ್‌ಪಾಂಡರಿನಲ್ಲಿರುವ ಹಲವು ವಾಹಿನಿಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಬಲ್ಲದು.

ಉಪಗ್ರಹದಿಂದ ಬರುವ ಕಾರ್ಯಕ್ರಮ ಪಟ್ಟಿಯನ್ನೇ ಪೂರ್ತಿ ನಂಬದೆ, ದಿನ ಮತ್ತು ಗಂಟೆಯನ್ನು ನಾವೇ ಬರೆಯುವ ಟೈಮರ್ ಬಳಸುವುದು ಕ್ಷೇಮ. ಆರಂಭಕ್ಕೆ ಮುಂಚೆ ಐದು ನಿಮಿಷ, ಮುಗಿದ ಮೇಲೆ ಹತ್ತು ನಿಮಿಷ ಸೇರಿಸಿದರೆ ಯಕ್ಷಗಾನದ ಮಂಗಳ ಕತ್ತರಿಸಿಹೋಗುವುದಿಲ್ಲ. ಕಡತವನ್ನು ಬಂದ ರೂಪದಲ್ಲೇ ಉಳಿಸುವ ಪಾಸ್ ಪ್ರೊಫೈಲ್ ಸಾಕು. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಸ್ವಂತ ಖಾಸಗಿ ಬಳಕೆಗಾಗಿ ಪ್ರಸಾರವನ್ನು ಮುದ್ರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಅದನ್ನು ಊರಿಗೆ ಹಂಚುವುದಕ್ಕೂ ಅಂತರ್ಜಾಲಕ್ಕೆ ಏರಿಸುವುದಕ್ಕೂ ಅಲ್ಲ.

ನೋಡುವುದಕ್ಕೆ ಟಿ.ವಿ.ಗೆ ಜೋಡಿಸಿದ ಅದೇ ಕಂಪ್ಯೂಟರಿನಲ್ಲಿ ಕೋಡಿ ಎಂಬ ಪ್ಲೇಯರ್ ತಂತ್ರಾಂಶ ಹಾಕಿ, ಟಿವಿಹೆಡ್‌ಎಂಡ್ ಆಡ್-ಆನ್ ಸೇರಿಸಿದರೆ ವಾಹಿನಿಗಳೂ ರೆಕಾರ್ಡಿಂಗುಗಳೂ ರಿಮೋಟಿಗೆ ಸಿಗುತ್ತವೆ. ಇಲ್ಲಿ ಅನೇಕರು ಬಿಟ್ಟುಬಿಡುವ ಒಂದು ಸಂಗತಿಯಿದೆ. ನಮ್ಮ ಪ್ರಸಾರ ಸೆಕೆಂಡಿಗೆ 25 ಚಿತ್ರಗಳ, ಅಂದರೆ 50 ಅರೆಚಿತ್ರಗಳ ಲೆಕ್ಕದ್ದು, ಕಂಪ್ಯೂಟರ್ ಮಾತ್ರ ಪರದೆಯನ್ನು 60 ಹರ್ಟ್ಸ್‌ನಲ್ಲಿ ಓಡಿಸುತ್ತಿರುತ್ತದೆ. ಸುದ್ದಿಯ ಕೆಳಗೆ ಹರಿಯುವ ಅಕ್ಷರಗಳು ತಡವರಿಸುತ್ತ ಸಾಗುವುದು ಇದರಿಂದಲೇ. ಕೋಡಿಯಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆಯನ್ನೂ ಅರೆಚಿತ್ರಗಳನ್ನು ಪೂರ್ಣ ಚಿತ್ರಗಳಾಗಿಸುವ ಡಿಇಂಟರ್ಲೇಸಿಂಗನ್ನೂ ಚಾಲೂ ಮಾಡಿದರೆ ಅಕ್ಷರ ನೀರು ಹರಿದಂತೆ ಹರಿಯುತ್ತದೆ, ಭಾಗವತರ ಕೈಯ ತಾಳದ ಅಂಚಿನಲ್ಲಿ ಕಾಣುವ ಬಾಚಣಿಗೆಯಂಥ ಗೀರುಗಳೂ ಮಾಯವಾಗುತ್ತವೆ.

ಮೊಬೈಲು, ಟ್ಯಾಬುಗಳಿಗಾಗಿ ಅದೇ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್ ತಂತ್ರಾಂಶ ಹಾಕಿ ರೆಕಾರ್ಡಿಂಗ್ ಫೋಲ್ಡರನ್ನು ತೋರಿಸಿದರೆ, ಅದು ಸಾಧನಕ್ಕೆ ತಕ್ಕಂತೆ ಚಿತ್ರವನ್ನು ಬದಲಿಸಿ ಕಳುಹಿಸುತ್ತದೆ. ಜಂಬಿಟ್ಟಿಗೆಯ ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ವೈ-ಫೈ ಒಂದು ಕೋಣೆ ದಾಟುವಷ್ಟರಲ್ಲೇ ಸೊರಗುವುದರಿಂದ ಕಂಪ್ಯೂಟರಿನಿಂದ ರೂಟರಿಗೆ ಲ್ಯಾನ್ ಕೇಬಲನ್ನೇ ಎಳೆಯಬೇಕು, ಅಗತ್ಯವಿದ್ದರೆ ಹಿತ್ತಿಲ ಕಡೆಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಡಬೇಕು. ಟಿವಿಹೆಡ್‌ಎಂಡ್‌ಗೂ ಜೆಲ್ಲಿಫಿನ್‌ಗೂ ಗುಪ್ತಪದ ಹಾಕಿ, ರೂಟರಿನಲ್ಲಿ ಇವೆರಡರ ಪೋರ್ಟುಗಳನ್ನು ಹೊರಗಿನ ಅಂತರ್ಜಾಲಕ್ಕೆ ತೆರೆಯದೆ ಇಡಬೇಕು.