ಪಾಠ ಹೇಳುವುದನ್ನು ಕಡಿಮೆ ಮಾಡಿದ ಮೇಲೆ ಫಲಿಸಿದ ಟ್ಯೂಷನ್: ನನ್ನ ಅನುಭವ

ತಿಪಟೂರಿನಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಲಾರಂಭಿಸಿ ಸುಮಾರು ಹನ್ನೆರಡು ವರ್ಷಗಳಾಗುತ್ತ ಬಂದವು. ಸಂಜೆಯ ಟ್ಯೂಷನ್‌ನಿಂದ ಶಾಲಾ ಮಕ್ಕಳಿಗೆ ನಿಜವಾಗಿ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಶಾಲೆಯ ಪಾಠವನ್ನೇ ಎರಡನೇ ಬಾರಿ ಹೇಳುವ ಟ್ಯೂಷನ್‌ನಿಂದ ಹಿಂದುಳಿದ ಮಗುವಿಗೆ ದಕ್ಕುವುದು ಬಹಳ ಕಡಿಮೆ, ಆ ಮಗು ಯಾವ ತರಗತಿಯಲ್ಲಿ ಎಡವಿತೋ ಅಲ್ಲಿಗೆ ಮರಳಿ ಹೋಗುವ ಟ್ಯೂಷನ್‌ನಿಂದ ಖಂಡಿತ ದಕ್ಕುತ್ತದೆ. ನಾನು ಕ್ರಮ ಬದಲಿಸಿದಾಗ ಇದೇ ವೃತ್ತಿಯ ಗೆಳೆಯರು ನಕ್ಕರು, ಕೆಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅಂದು ನಕ್ಕವರಲ್ಲೇ ಇಬ್ಬರು ಈಗ ವಿಧಾನವೇನೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕ್ರಮ ಟ್ಯೂಷನ್ ಹೇಳುವ ನಿಮಗೆಲ್ಲ ಗೊತ್ತಿರುವುದೇ. ಒಂದು ಕೊಠಡಿಯಲ್ಲಿ ನಲವತ್ತು ಮಕ್ಕಳು, ಶಾಲೆಯಲ್ಲಿ ಯಾವ ಅಧ್ಯಾಯ ನಡೆಯುತ್ತಿದೆಯೋ ಅದೇ ಅಧ್ಯಾಯ, ಬೋರ್ಡಿನ ಮೇಲೆ ನಾನು ಬಿಡಿಸಿದ ಲೆಕ್ಕಗಳು, ಜನವರಿ ಬಂದರೆ ಯಾವ ಅಧ್ಯಾಯಕ್ಕೆ ಎಷ್ಟು ಅಂಕವೆಂದು ತೋರಿಸುವ ನೀಲನಕ್ಷೆ, ಫೆಬ್ರವರಿಯಲ್ಲಿ ಪಾಸಾಗಲು ಸಾಕಾಗುವಷ್ಟೇ ಆಯ್ದ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್. ಮಕ್ಕಳು ತಲೆಯಾಡಿಸುತ್ತಿದ್ದರು, ‘ಅರ್ಥವಾಯಿತು ಸಾರ್’ ಎನ್ನುತ್ತಿದ್ದರು, ನೋಟ್‌ಬುಕ್ಕುಗಳು ಅಚ್ಚುಕಟ್ಟಾಗಿ ತುಂಬುತ್ತಿದ್ದವು, ಶಾಲೆಯ ಎಫ್‌ಎ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನ) ಅಂಕಗಳು ಕೂಡ ಪರವಾಗಿಲ್ಲ ಎನ್ನುವಂತಿದ್ದವು. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ, ಎಂಬತ್ತಕ್ಕೆ ಹತ್ತು ಹನ್ನೆರಡು ತೆಗೆದವರಲ್ಲಿ ವರ್ಷವಿಡೀ ಒಂದು ದಿನವೂ ತಪ್ಪಿಸದೆ ಬಂದವರು ಅರ್ಧದಷ್ಟು ಇರುತ್ತಿದ್ದರು. ಹಾಜರಿಗೂ ಅಂಕಕ್ಕೂ ಸಂಬಂಧವೇ ಕಾಣದಿದ್ದುದು ನನ್ನನ್ನು ಬಹಳ ಕಾಡಿತು.

ಹಾಗಾಗಿ ಒಂದು ಬೇಸಿಗೆಯಲ್ಲಿ ಆ ಉತ್ತರಪತ್ರಿಕೆಗಳನ್ನು ಗುಡ್ಡೆ ಹಾಕಿಕೊಂಡು, ಅಂಕವನ್ನು ನೋಡದೆ, ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂಬುದನ್ನಷ್ಟೇ ಗುರುತು ಮಾಡುತ್ತ ಕುಳಿತೆ. ಒಬ್ಬ ಹುಡುಗಿಗೆ ವರ್ಗಸಮೀಕರಣದ ಸೂತ್ರ ಒಂದಕ್ಷರವೂ ತಪ್ಪದೆ ಬರುತ್ತಿತ್ತು. ಸಮೀಕರಣ ಎರಡು ಎಕ್ಸ್ ವರ್ಗ, ಮೈನಸ್ ಏಳು ಎಕ್ಸ್, ಪ್ಲಸ್ ಮೂರು. ‘ಬಿ’ಯ ಬೆಲೆ ಮೈನಸ್ 7 ಎಂದು ಸರಿಯಾಗಿಯೇ ಬರೆದಿದ್ದಳು, ಅದರ ವರ್ಗವನ್ನು ಮಾತ್ರ ಮೈನಸ್ 49 ಎಂದು ಬರೆದು, ಅದರಿಂದ 24 ಕಳೆದು, ಮೂಲಚಿಹ್ನೆಯ ಒಳಗೆ ಮೈನಸ್ 73 ಬಂದದ್ದರಿಂದ ವಾಸ್ತವ ಮೂಲಗಳಿಲ್ಲ ಎಂದು ಮುಗಿಸಿದ್ದಳು. ಬರಬೇಕಾದ ಉತ್ತರ 3 ಮತ್ತು ಅರ್ಧ. ಇದು ಹತ್ತನೇ ತರಗತಿಯ ತಪ್ಪಲ್ಲ, ಏಳನೇ ತರಗತಿಯ ಪೂರ್ಣಾಂಕಗಳ ಗುಣಾಕಾರದ ತಪ್ಪು. ಇನ್ನೊಬ್ಬ 4832ನ್ನು 8ರಿಂದ ಭಾಗಿಸಿ 64 ಎಂದು ಬರೆದಿದ್ದ. ಮೂರರಲ್ಲಿ ಎಂಟು ಹೋಗದಿದ್ದಾಗ ಭಾಗಲಬ್ಧದಲ್ಲಿ ಸೊನ್ನೆ ಇಡಬೇಕೆಂಬುದು ಅವನಿಗೆ ನಾಲ್ಕೈದನೇ ತರಗತಿಯಿಂದಲೂ ತಿಳಿದಿರಲಿಲ್ಲ. ಇಂಥವನಿಗೆ ನಾನು ವಾರಗಟ್ಟಲೆ ಸಮಾಂತರ ಶ್ರೇಢಿ ವಿವರಿಸಿದ್ದೆ.

ಈಗಿನ ಕ್ರಮ ಹೀಗಿದೆ. ಸೇರುವ ದಿನ ಪ್ರತಿ ಮಗುವಿಗೂ ಒಂದು ಪುಟದ ಪ್ರಶ್ನೆಗಳು. ಭಾಗಾಕಾರದಿಂದ ಹಿಡಿದು ಭಿನ್ನರಾಶಿ, ಚಿಹ್ನೆಗಳು, ಶೇಕಡಾ, ಸರಳ ಸಮೀಕರಣದವರೆಗೆ ಏರುತ್ತ ಹೋಗುತ್ತವೆ. ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ಆರಂಭ. ಗುಂಪು ಮಾಡುವುದು ತರಗತಿಯ ಪ್ರಕಾರವಲ್ಲ, ನಿಂತ ಜಾಗದ ಪ್ರಕಾರ. ಆದ್ದರಿಂದ ಹತ್ತನೆಯ ಹುಡುಗ ಎಂಟನೆಯವರ ಪಕ್ಕದಲ್ಲಿ ಕೂರುವುದುಂಟು. ಅದರಿಂದ ಅವನಿಗೆ ಅವಮಾನವಾಗದಂತೆ ಕೂರಿಸುವ ಒಂದು ಉಪಾಯವಿದೆ. ಅದನ್ನೂ ಆ ಮೊದಲ ಪುಟದ ಪ್ರಶ್ನೆಗಳನ್ನೂ ಇಲ್ಲಿ ಬಿಟ್ಟುಕೊಡುವುದಿಲ್ಲ, ಏಕೆಂದರೆ ಪಕ್ಕದ ರಸ್ತೆಯಲ್ಲೇ ಇನ್ನೂ ಮೂರು ಟ್ಯೂಷನ್ ಬೋರ್ಡುಗಳಿವೆ. ಒಂದೂವರೆ ಗಂಟೆಯಲ್ಲಿ ನಾನು ಬಾಯಿ ತೆರೆಯುವುದು ಹೆಚ್ಚೆಂದರೆ ಹದಿನೈದು ನಿಮಿಷ. ಉಳಿದ ಹೊತ್ತು ಅವರೇ ಬಿಡಿಸುತ್ತಾರೆ, ನಾನು ಹಿಂದೆ ನಿಂತು ನೋಡುತ್ತೇನೆ, ತಪ್ಪಿದ ಸಾಲಿನ ಪಕ್ಕ ಒಂದು ಚುಕ್ಕೆ ಮಾತ್ರ ಇಡುತ್ತೇನೆ. ತಪ್ಪನ್ನು ಅವರೇ ಹುಡುಕಿ ‘ತಪ್ಪಿನ ಪುಸ್ತಕ’ಕ್ಕೆ ಇಳಿಸಬೇಕು. ವಾರ ಕಳೆದ ಮೇಲೆ ಅದೇ ಬಗೆಯ ಲೆಕ್ಕ ಸಂಖ್ಯೆ ಬದಲಾಯಿಸಿಕೊಂಡು ಮತ್ತೆ ಬರುತ್ತದೆ, ಮೂರು ವಾರದ ನಂತರ ಇನ್ನೊಮ್ಮೆ ಬರುತ್ತದೆ. ಹೀಗೆ ಎರಡೂವರೆ ಮೂರು ತಿಂಗಳು ಹಳೆಯದರಲ್ಲೇ ಕಳೆದ ಮೇಲೆ ಹತ್ತನೆಯ ಪಠ್ಯಕ್ಕೆ ಕೈ ಹಾಕಿದರೆ, ಮೊದಲು ಒಂದು ತಿಂಗಳು ಹಿಡಿಯುತ್ತಿದ್ದ ಅಧ್ಯಾಯ ಹತ್ತು ಹನ್ನೆರಡು ದಿನಕ್ಕೆ ಮುಗಿಯುತ್ತದೆ.

ಆ ಮೂರು ತಿಂಗಳನ್ನು ದಾಟಿಸುವುದೇ ಹಣದ ದೃಷ್ಟಿಯಿಂದ ಕಷ್ಟ. ಮೊದಲ ವರ್ಷ ಒಬ್ಬ ತಂದೆ ಬಾಗಿಲಲ್ಲೇ ನಿಂತು, ‘ಮೇಷ್ಟ್ರೇ, ಹತ್ತನೇ ಕ್ಲಾಸಿನ ಹುಡುಗಿಗೆ ಮಗ್ಗಿ, ಭಾಗಾಕಾರ ಹೇಳಿಕೊಡೋಕೆ ನಾನು ದುಡ್ಡು ಕೊಡಬೇಕಾ?’ ಎಂದು ಕೇಳಿದರು. ಅರ್ಧವಾರ್ಷಿಕ ಪರೀಕ್ಷೆಯವರೆಗೆ ತಾಳಿ, ಆಮೇಲೂ ಬೇಡವೆನಿಸಿದರೆ ಅಷ್ಟೂ ತಿಂಗಳ ಹಣ ಹಿಂತಿರುಗಿಸುತ್ತೇನೆ ಎಂದೆ. ಅವರು ತಾಳಿದರು, ತಾಳದವರೇ ಹೆಚ್ಚು. ತಿಂಗಳಿಗೆ 400 ರೂಪಾಯಿಯಂತೆ ನಲವತ್ತು ಮಕ್ಕಳಿಂದ 16 ಸಾವಿರದಷ್ಟು ಬರುತ್ತಿದ್ದದ್ದು ಆ ವರ್ಷ 7 ಸಾವಿರಕ್ಕೆ ಇಳಿಯಿತು. ಅದರಲ್ಲಿ ಕೊಠಡಿ ಬಾಡಿಗೆಗೆ ಮೂರೂವರೆ ಸಾವಿರ, ಜೆರಾಕ್ಸಿಗೆ ಸಾವಿರದ ಹತ್ತಿರ. ಈ ವಿಧಾನದಲ್ಲಿ ಪ್ರತಿ ಮಗುವಿಗೂ ಬೇರೆ ಬೇರೆ ಹಾಳೆ ಬೇಕಾಗುವುದರಿಂದ ಜೆರಾಕ್ಸ್ ಖರ್ಚು ಮಿತಿಮೀರುತ್ತದೆ. ಆರು ಸಾವಿರ ಕೊಟ್ಟು ಹಳೆಯ ಪ್ರಿಂಟರ್ ಒಂದನ್ನು ತಂದ ಮೇಲೆ ಅದು ಮೂರನೇ ಒಂದು ಭಾಗಕ್ಕೆ ಇಳಿಯಿತು. ಈಗ ಎಂಟೆಂಟು ಮಕ್ಕಳ ನಾಲ್ಕು ಬ್ಯಾಚುಗಳಿವೆ, ಫೀ 700. ಎಲ್ಲರೂ ಕೊಟ್ಟರೆ 22 ಸಾವಿರ ದಾಟುತ್ತದೆ. ಎಲ್ಲರೂ ಪ್ರತಿ ತಿಂಗಳೂ ಕೊಡುವುದಿಲ್ಲ. ಸುತ್ತಲ ಹಳ್ಳಿಗಳವರಿಗೆ ಹಣ ಓಡಾಡುವುದು ಅಟ್ಟದ ಕೊಬ್ಬರಿ ಇಳಿಸಿ ಮಾರಿದಾಗ ಮಾತ್ರ. ಆದ್ದರಿಂದ ಅವರಿಗೆ ತಿಂಗಳ ಲೆಕ್ಕ ಬಿಟ್ಟು ಕೊಬ್ಬರಿ ಲೆಕ್ಕ ಇಟ್ಟಿದ್ದೇನೆ. 2023ರಲ್ಲಿ ಬೆಲೆ ಕುಸಿದಾಗ ಮೂವತ್ತು ಸಾವಿರದಷ್ಟು ಬಾಕಿ ನಿಂತಿತ್ತು. ಬೆಲೆ ಏರಿದ ಮೇಲೆ ಮೂರ್ನಾಲ್ಕು ಸಾವಿರ ಬಿಟ್ಟು ಉಳಿದದ್ದೆಲ್ಲ, ನಾನು ಕೇಳದೆಯೇ ಬಂತು.

ಫಲಿಸದ ಪ್ರಯೋಗಗಳನ್ನೂ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಹಲವರು ಅವುಗಳ ಮೇಲೆ ಈಗಲೂ ಹಣ ಹಾಕುತ್ತಿದ್ದೀರಿ. ಪಾಠಗಳನ್ನು ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಟ್ರೈಪಾಡು, ಮೈಕು ಸೇರಿ ಎರಡೂವರೆ ಸಾವಿರ ಹೋಯಿತು, ನೋಡಿದವರು ಮೊದಲೇ ಚೆನ್ನಾಗಿ ಓದುತ್ತಿದ್ದ ನಾಲ್ಕೈದು ಮಕ್ಕಳು. ವಾರದ ಕಿರುಪರೀಕ್ಷೆಗೆ ಬಹುಮಾನ ಇಟ್ಟಾಗ ನಕಲು ಆರಂಭವಾಯಿತು. ಬೆಳಗಿನ ಐದೂವರೆಯ ಬ್ಯಾಚಿನಲ್ಲಿ ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಹಾಲಿನ ಡೇರಿಗೆ ಹೋಗಿ ಬರಬೇಕಾದ ಹಳ್ಳಿಯ ಮಕ್ಕಳಂತೂ ಬರಲೇ ಇಲ್ಲ. ಡಿಸೆಂಬರಿನಲ್ಲಿ ಸೇರಿದ ಹತ್ತನೆಯವರಿಗೆ ಈ ವಿಧಾನ ಫಲಿಸುವುದಿಲ್ಲ. ಅವರಿಗೆ ಪಾಸಿಂಗ್ ಪ್ಯಾಕೇಜ್ ಒಂದೇ ಗತಿ, ಅದಕ್ಕೆ ನನ್ನ ಬಳಿಗೇ ಬರಬೇಕೆಂದೇನೂ ಇಲ್ಲ.

ಒಂದು ಪ್ರಯೋಗದ ಫಲ ನನಗೇ ಅಷ್ಟಾಗಿ ಹಿತವಾಗಲಿಲ್ಲ. ಒಂದು ಬ್ಯಾಚಿಗೆ ಎರಡು ತಿಂಗಳು ನಾನು ಏನೂ ಹೇಳಿಕೊಡಲಿಲ್ಲ. ಹಾಳೆಗಳನ್ನು ಕೊಟ್ಟು, ಶಾಂತವಾಗಿ ಕೂರಿಸಿ, ಉತ್ತರಗಳನ್ನು ಪರಸ್ಪರ ತಿದ್ದಿಸಿದೆ ಅಷ್ಟೇ. ಇನ್ನೊಂದು ಬ್ಯಾಚಿಗೆ ಎಂದಿನಂತೆ ವಿವರಿಸಿದೆ. ಚಿಹ್ನೆ, ಭಿನ್ನರಾಶಿಗಳಲ್ಲಿ ಎರಡೂ ಬ್ಯಾಚುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು, ಹೇಳಿಕೆ ಲೆಕ್ಕಗಳಲ್ಲಿ ಮಾತ್ರ ನಾನು ವಿವರಿಸಿದ ಬ್ಯಾಚು ಮುಂದಿತ್ತು. ಅಂದರೆ ಮನೆಯಲ್ಲಿ ಟಿವಿ, ಮೊಬೈಲು, ಕೊಟ್ಟಿಗೆ ಕೆಲಸಗಳ ನಡುವೆ ಓದಲಾಗದ ಮಗುವಿಗೆ ಟ್ಯೂಷನ್ ಕೊಡುವ ಲಾಭದಲ್ಲಿ ದೊಡ್ಡ ಪಾಲು ಆ ಒಂದೂವರೆ ಗಂಟೆಯ ಶಾಂತ ಜಾಗದ್ದೇ. ಹೇಳಿಕೆ ಲೆಕ್ಕಗಳ ಕಡೆ ಹೊರಳಿದಾಗ ಇನ್ನೊಂದು ವಿಷಯ ಸಿಕ್ಕಿತು: ಇಂಗ್ಲಿಷ್ ಮಾಧ್ಯಮದ ಮಕ್ಕಳು ಲೆಕ್ಕ ಬಾರದೆ ಸೋಲುತ್ತಿರಲಿಲ್ಲ, ಪ್ರಶ್ನೆಯೇ ಅರ್ಥವಾಗದೆ ಸೋಲುತ್ತಿದ್ದರು. ಪೆನ್ನು ಮುಟ್ಟುವ ಮೊದಲು ಪ್ರಶ್ನೆಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕೆಂದು ನಿಯಮ ಮಾಡಿದೆ. ಎತ್ತರ, ದೂರದ ತ್ರಿಕೋನಮಿತಿ ಲೆಕ್ಕಗಳಲ್ಲಿ ಅದರ ಫಲ ತಿಂಗಳೊಪ್ಪತ್ತಿನಲ್ಲೇ ಕಂಡಿತು.

ಈ ವಿಧಾನ ನನ್ನ ಸ್ವಂತದ್ದೆಂದು ಬಹಳ ದಿನ ಬೀಗಿದ್ದೆ. ಆದರೆ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ, ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಸ್ಥಳೀಯ ಯುವತಿಯರಿಂದ ಮೂಲಪಾಠ ಹೇಳಿಸುವ ಬಾಲಸಖಿ ಕಾರ್ಯಕ್ರಮ ನಡೆಸಿತ್ತು. ಅದರ ಲಾಭ ಮುಖ್ಯವಾಗಿ ದುರ್ಬಲ ಮಕ್ಕಳಿಗೇ ಆಯಿತೆಂದು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲೇ ಪ್ರಕಟಿಸಿದ್ದರು. ಅವರದು ಪ್ರಾಥಮಿಕ ಶಾಲೆಯ ಮಕ್ಕಳ ಮಾತು. ಎಸ್‌ಎಸ್‌ಎಲ್‌ಸಿ ಎದುರಿಗಿರುವ ಮಗುವನ್ನು ಐದನೇ ತರಗತಿಗೆ ಇಳಿಸಿ ಮತ್ತೆ ಮೇಲೆತ್ತಿದ್ದು ನಮ್ಮ ಊರಿನಲ್ಲಂತೂ ನಾನೇ ಎಂದುಕೊಳ್ಳುತ್ತೇನೆ.

ಪೋಷಕರ ಅನುಮಾನ ತೊಲಗಿಸಿದ್ದು 2024ರ ಪರೀಕ್ಷೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ನೇರ ನಿಗಾ, ಬಂದು, ಹಿಂದಿನ ವರ್ಷ ಶೇ. 84ರ ಹತ್ತಿರವಿದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73ರ ಆಸುಪಾಸಿಗೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ. 66ಕ್ಕೆ ಬಂತು. ಪಕ್ಕದವರ ಹಾಳೆಯನ್ನೂ ಪ್ಯಾಕೇಜನ್ನೂ ನಂಬಿದವರು ಕುಸಿದ ಆ ಎರಡೂ ವರ್ಷಗಳಲ್ಲಿ ನನ್ನ ಹದಿನೈದರ ಆಸುಪಾಸಿನ ಹತ್ತನೆಯವರಲ್ಲಿ ಗಣಿತದಲ್ಲಿ ಸೋತವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಜೂನ್‌ನಲ್ಲಿ ಹತ್ತು ಅಂಕದ ಮಟ್ಟದಲ್ಲಿದ್ದವರು ನಲವತ್ತೈದು, ಐವತ್ತಕ್ಕೆ ಬಂದರು. ಪ್ರಶ್ನೆಪತ್ರಿಕೆಯ 38 ಪ್ರಶ್ನೆಗಳಲ್ಲಿ ಒಂದು ಮತ್ತು ಎರಡು ಅಂಕದವುಗಳಿಂದಲೇ 32 ಅಂಕ ಬರುತ್ತದೆ. ಚಿಹ್ನೆ ತಪ್ಪದ, ಭಿನ್ನರಾಶಿ ಬಲ್ಲ ಮಗು ಅಲ್ಲಿಯೇ ದಡ ಸೇರುತ್ತದೆ.

ಇನ್ನು, ಶಾಲೆಯಲ್ಲೇ ಎಪ್ಪತ್ತರ ಮೇಲೆ ತೆಗೆಯುವ ಮಕ್ಕಳನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷ ಸೇರಿಸಿಕೊಂಡು ನೋಡಿದೆ. ಅವರ ಅಂಕ ಇದ್ದಲ್ಲೇ ಇತ್ತು, ಆಟದ ಸಮಯ ಮಾತ್ರ ಹೋಯಿತು. ಅವರ ಪೋಷಕರೇ ಚೌಕಾಶಿಯಿಲ್ಲದೆ ಫೀ ಕೊಡುವವರಾದ್ದರಿಂದ ಇದು ನಷ್ಟದ ನಿರ್ಧಾರವೆಂದು ಗೆಳೆಯರು ಹೇಳುತ್ತಾರೆ. ಲೆಕ್ಕ ಹಾಕಿದರೆ ವರ್ಷಕ್ಕೆ ನಲವತ್ತು ಐವತ್ತು ಸಾವಿರ ಬಿಟ್ಟಂತಾಗುತ್ತದೆ ನಿಜ, ಆದರೆ ಆ ಜಾಗದಲ್ಲಿ ಎಂಟನೇ ತರಗತಿಯ ದುರ್ಬಲ ಮಕ್ಕಳನ್ನು ತೆಗೆದುಕೊಂಡರೆ ಅವರು ಮೂರು ವರ್ಷ ಉಳಿಯುತ್ತಾರೆ, ಜೊತೆಗೆ ತಮ್ಮಂದಿರನ್ನೂ ತಂಗಿಯರನ್ನೂ ಕರೆತರುತ್ತಾರೆ. ಬರುವ ಜೂನ್‌ನಿಂದ ಹೊಸ ಪ್ರವೇಶ ಎಂಟನೆಯವರಿಗೆ ಮಾತ್ರ. ಮೊದಲ ಪುಟದ ಪರೀಕ್ಷೆಗೆ ಫೀ ಇಲ್ಲ, ಅದನ್ನು ಪೋಷಕರ ಎದುರಿನಲ್ಲೇ ಬರೆಸುತ್ತೇನೆ.