ಗಾಡಿ ನಂಬರ್ ಸಿಗದಿದ್ದರೂ ಅವ್ವನಿಗೆ ಪರಿಹಾರ ಬಂದದ್ದು ಹೀಗೆ

ಕಲಬುರಗಿಯ ರಿಂಗ್ ರೋಡ್ ದಾಟುವಾಗ ಅವ್ವನಿಗೆ ಬೈಕೊಂದು ಗುದ್ದಿ, ನಿಲ್ಲದೆ ಹೋಯಿತು. ಬಲಗಾಲಿನ ಮೂಳೆ ಮುರಿಯಿತು. ನಂಬರ್ ಯಾರೂ ನೋಡಿರಲಿಲ್ಲ.

ಅಂಗಡಿಗಳ ಸಿಸಿ ಕ್ಯಾಮೆರಾ ನೋಡಿದೆ. ನಂಬರ್ ಪ್ಲೇಟ್ ಇದ್ದ ಜಾಗದಲ್ಲಿ ಬರೀ ಬಿಳಿ ಮಚ್ಚೆ. ಇನ್ಶೂರೆನ್ಸ್ ಆಫೀಸಿನವರು ಪಾಲಿಸಿ ನಂಬರ್ ಕೇಳಿದರು. ಕೋರ್ಟಿಗೆ ಹೋಗೋಣವೆಂದರೆ ಎದುರುಪಾರ್ಟಿಯೇ ಇಲ್ಲ ಅಲ್ವಾ? ಸುಮ್ನೆ ಓಡಾಟವಾಯಿತು.

ಕೆಲಸಕ್ಕೆ ಬಂದದ್ದು ಮೋಟಾರು ವಾಹನ ಕಾಯ್ದೆಯ 161ನೇ ಕಲಂ. ಗುದ್ದಿ ಓಡಿದ ಗಾಡಿ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ 2 ಲಕ್ಷ. 2022ರ ಏಪ್ರಿಲ್ 1ರಿಂದ ಈ ಮೊತ್ತ ಜಾರಿಯಲ್ಲಿದೆ. ಇದಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಿಲ್ಲ.

ಮೊದಲು ಎಫ್‌ಐಆರ್ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ‘ಅಪರಿಚಿತ ವಾಹನ’ ಎಂದಿದೆಯೇ ನೋಡಿ. ಆಮೇಲೆ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯ ಎಂಥದ್ದೆಂದು ಆಸ್ಪತ್ರೆಯ ವೈದ್ಯರು ಬರೆದುಕೊಡುವ ಪತ್ರ. ನಮ್ಮ ಕೆಲಸ ನಿಂತದ್ದು ಇಲ್ಲೇ. ಎಕ್ಸ್‌ರೇ ಬರುವ ಮೊದಲೇ ಬರೆದಿದ್ದರಿಂದ ‘ಸಾದಾ ಗಾಯ’ ಅಂತಿತ್ತು. ಮೂಳೆ ಮುರಿದರೆ ಕಾನೂನಿನ ಪ್ರಕಾರ ಅದು ತೀವ್ರ ಗಾಯ. ಎಕ್ಸ್‌ರೇ ರಿಪೋರ್ಟ್ ತೋರಿಸಿ ಆ ಒಂದು ಸಾಲು ತಿದ್ದಿಸಿದೆ, ಪಕ್ಕದಲ್ಲೇ ವೈದ್ಯರ ಸಹಿ, ಸೀಲು ಹಾಕಿಸಿದೆ. ಆಮೇಲೆ ಪರಿಹಾರದ ಅರ್ಜಿಯಾದ ಫಾರ್ಮ್ 1 ತುಂಬಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಸೇರಿಸಿ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಕೊಟ್ಟೆ. ನಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಸೀಲು ಬೇಕೇ ಬೇಕು. ಎ.ಸಿ.ಯವರ ವಿಚಾರಣಾ ವರದಿ ಒಂದು ತಿಂಗಳೊಳಗೆ ಡಿ.ಸಿ.ಗೆ (ಜಿಲ್ಲಾಧಿಕಾರಿಗೆ) ಹೋಗಬೇಕು, ತಡವಾದರೆ ಆ ಸೀಲು ತೋರಿಸಿ ಕೇಳಬಹುದು. ಹಣ ನೇರವಾಗಿ ಅವ್ವನ ಖಾತೆಗೇ ಬಂತು.

ಗಾಡಿ ನಂಬರ್ ಗೊತ್ತಿದ್ದರೆ ಈ ದಾರಿ ಹಿಡಿಯಬೇಡಿ. 166ನೇ ಕಲಂ ಅಡಿ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ಗೆ (ನ್ಯಾಯಮಂಡಳಿಗೆ) ಅರ್ಜಿ ಹಾಕಿ. ಅಲ್ಲಿ ಆಸ್ಪತ್ರೆ ಖರ್ಚು, ಹೋದ ಕೂಲಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕಾಯ್ದೆಯಲ್ಲಿ ಅದಕ್ಕಿರುವ ಗಡುವು 6 ತಿಂಗಳು.