ಸೂಕ್ಷ್ಮಹರಳುಗಳನ್ನು ಕ್ಷ-ಕಿರಣದ ಎದುರಿಗೆ ತಂದದ್ದು: ನನ್ನ ಅನುಭವ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಾನು ಕೆಲಸ ಕಲಿತದ್ದು ಪ್ರೋಟೀನಿನ ದೊಡ್ಡ ಹರಳುಗಳ ಮೇಲೆ; ಅಣುವಿನ ರಚನೆ ತಿಳಿಯಲು ಅವುಗಳಿಗೆ ಕ್ಷ-ಕಿರಣ ಹಾಯಿಸುತ್ತಿದ್ದೆವು. ಒಂದೇ ಹರಳನ್ನು ನೈಲಾನ್ ಕುಣಿಕೆಯಲ್ಲಿ ಎತ್ತಿ, ತಣ್ಣನೆಯ ಸಾರಜನಕದ ಆವಿಯಲ್ಲಿಟ್ಟು, ತಿರುಗಿಸುತ್ತ ಚಿತ್ರ ತೆಗೆಯುತ್ತಿದ್ದೆವು. ಕ್ಷ-ಕಿರಣವನ್ನು ಅತಿ ತೀವ್ರವಾದ ಚುಟುಕು ಮಿಡಿತಗಳಲ್ಲಿ ಕೊಡುವ ಮುಕ್ತ ಎಲೆಕ್ಟ್ರಾನ್ ಲೇಸರಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿನ ಫೆಮ್ಟೊಸೆಕೆಂಡುಗಳ, ಎಂದರೆ ಸೆಕೆಂಡಿನ ಅತ್ಯಲ್ಪ ಪಾಲಿನಷ್ಟು ಹೊತ್ತಿನ, ಸ್ಪಂದವು ಹರಳನ್ನು ನಾಶಮಾಡುತ್ತದೆ. ನಾಶವಾಗುವ ಮೊದಲೇ ವಿವರ್ತನೆಯ ಚಿತ್ರ (ಹರಳಿನಿಂದ ಚದುರಿದ ಕಿರಣಗಳ ಚುಕ್ಕೆಗಳು) ಮೂಡಿರುತ್ತದೆ. ಹೀಗಾಗಿ ಪ್ರತಿ ಸ್ಪಂದಕ್ಕೂ ಹೊಸ ಹರಳು ಬೇಕು.

ದ್ರವದ ತೆಳು ಧಾರೆಯಲ್ಲಿ ಹರಳುಗಳನ್ನು ಹರಿಸುವುದು ಮೊದಲು ಬಂದ ಉಪಾಯ. ಆ ಧಾರೆಯ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಲೇಸರ್ ಸೆಕೆಂಡಿಗೆ 120 ಬಾರಿ ಮಿಡಿದರೂ ಎರಡು ಮಿಡಿತಗಳ ನಡುವೆ 8 ಸೆಂಟಿಮೀಟರ್ ಧಾರೆ ಹರಿದುಹೋಗುತ್ತದೆ, ಅದರಲ್ಲಿ ಕಿರಣ ತಾಕುವುದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ತಿಂಗಳುಗಟ್ಟಲೆ ಶುದ್ಧೀಕರಿಸಿದ ಪ್ರೋಟೀನು ಹೀಗೆ ಪೋಲಾಗುವುದನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಆದ್ದರಿಂದ ಹರಳುಗಳನ್ನು ಹೈಡ್ರಾಕ್ಸಿಎಥಿಲ್ ಸೆಲ್ಯುಲೋಸಿನ ಗಟ್ಟಿ ಲೋಳೆಯಲ್ಲಿ ಕಲೆಸಿ ನಳಿಕೆಯಿಂದ ಎಳೆಯಾಗಿ ನಿಧಾನವಾಗಿ ಒತ್ತುವ ವಿಧಾನವನ್ನು ಆರಿಸಿಕೊಂಡೆ.

ಅಭ್ಯಾಸಕ್ಕೆ ಲೈಸೊಜೈಮ್ ಎಂಬ ಪ್ರೋಟೀನನ್ನು ಹಿಡಿದೆ. ಉಪ್ಪು ಮತ್ತು ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರ್) ಬೆರೆಸಿದಾಗ ಹುಟ್ಟುವ ಹರಳಿನ ಗಾತ್ರವನ್ನು ಉಷ್ಣತೆಯೇ ನಿರ್ಧರಿಸುತ್ತದೆ: ತಂಪಾದಷ್ಟೂ ಚಿಕ್ಕದು. ಏಪ್ರಿಲ್‌ನ ಸೆಕೆಯಲ್ಲಿ ಮೇಜಿನ ಮೇಲೆ ಬೆರೆಸಿದಾಗ ಗಾತ್ರ ಒಂದೊಂದು ದಿನ ಒಂದೊಂದು ರೀತಿ ಬಂತು. ತಣ್ಣೀರಿನ ತೊಟ್ಟಿಯಲ್ಲಿ ಉಷ್ಣತೆಯನ್ನು ಕಾಯ್ದುಕೊಂಡ ಮೇಲೆಯೇ ಅದು ಸ್ಥಿರವಾಯಿತು. 20 ಮೈಕ್ರಾನ್ ಜಾಲರಿಯಲ್ಲಿ ಸೋಸುವುದನ್ನು ಒಮ್ಮೆ ಬಿಟ್ಟದ್ದಕ್ಕೆ 100 ಮೈಕ್ರಾನ್ ಒಳವ್ಯಾಸದ ನಳಿಕೆ ಕಟ್ಟಿಕೊಂಡಿತು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಲೋಳೆಯ ಹದ. ಎರಡು ಸಿರಿಂಜುಗಳನ್ನು ಮುಖಾಮುಖಿ ಜೋಡಿಸಿ, ಗುಳ್ಳೆ ಸೇರದಂತೆ ಹಿಂದಕ್ಕೂ ಮುಂದಕ್ಕೂ ತಳ್ಳಿ ಕಲೆಸಬೇಕು. ಶಾವಿಗೆ ಒತ್ತುವವರು ಹಿಟ್ಟಿನ ಹದವನ್ನು ಕೈಯಿಂದಲೇ ಅರಿಯುವಂತೆ ಇಲ್ಲಿಯೂ ಹೆಬ್ಬೆರಳಿನ ಒತ್ತಡವೇ ಮೊದಲ ಸುಳಿವು. ಲೋಳೆ ಸಡಿಲಾದರೆ ಹನಿಯಾಗುತ್ತದೆ. ಗಟ್ಟಿಯಾದರೆ ಎಳೆ ಸುರುಳಿ ಸುತ್ತಿ ನಳಿಕೆಯ ಬಾಯಿಗೇ ಅಂಟುತ್ತದೆ. ನಳಿಕೆಯ ತುದಿಯನ್ನು ಶಂಕುವಿನಂತೆ ಉಜ್ಜಿ, ಸುತ್ತಲೂ ಸಾರಜನಕ ಹರಿಯಬಿಟ್ಟಾಗ ಎಳೆ ನೆಟ್ಟಗಾಯಿತು. ಆದರೆ ಆ ಒಣ ಅನಿಲದಿಂದಲೇ ಬಾಯಿಯಲ್ಲಿ ಉಪ್ಪು ಹರಳುಗಟ್ಟತೊಡಗಿತು. ಪ್ರೋಟೀನಿನ ಹರಳು ಬೆಳೆದ ನಂತರ ಕಡಿಮೆ ಉಪ್ಪಿನ ದ್ರಾವಣಕ್ಕೆ ವರ್ಗಾಯಿಸಿದಾಗ ಅದೂ ನಿಂತಿತು.

ಈಗ ನಿಮಿಷಕ್ಕೆ 0.2 ಮೈಕ್ರೊಲೀಟರ್ ಒತ್ತಿದರೆ ಗಂಟೆಗೆ 12 ಮೈಕ್ರೊಲೀಟರ್ ಸಾಕು; ದ್ರವದ ಧಾರೆಗೆ ಅದೇ ಹೊತ್ತಿನಲ್ಲಿ 600ರಷ್ಟು ಬೇಕಾಗುತ್ತಿತ್ತು. ಲೇಸರ್ ಕೇಂದ್ರದಲ್ಲಿ ಸಿಕ್ಕ ಕಿರಣದ ಸರದಿಗೆ ಹೊರಡುವ ಯಾವ ಮಾದರಿಯನ್ನೂ ಇಲ್ಲಿಯೇ ಸೂಕ್ಷ್ಮದರ್ಶಕದಡಿ ಅರ್ಧ ಗಂಟೆ ಒತ್ತಿ ನೋಡದೆ ನಾನು ಪೆಟ್ಟಿಗೆಗೆ ಇಡುವುದಿಲ್ಲ.